ಓಪಲ್ ತಿಂದದ್ದು

ಫೆಬ್ರವರಿ 3, 1994, ಗುರುವಾರ

ಈ ನೋಟ್‌ಬುಕ್ಕು ನಾನು ಕೊಂಡದ್ದಲ್ಲ, ನರ್ಸ್ ಲವಾನ್ ಕೊಟ್ಟುಹೋದದ್ದು. ಮೊದಲ ಹಾಳೆಯ ನೆತ್ತಿಯ ಮೇಲೆ ಅವಳೇ ದುಂಡಗೆ ‘ಓಪಲ್ ತಿಂದದ್ದು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ನನ್ನ ಹೆಂಡತಿ ದಿನಾ ಏನು ತಿಂದಳು, ಎಷ್ಟು ತಿಂದಳು, ಅಷ್ಟು ಬರೆದರೆ ಸಾಕಂತೆ. ಲವಾನ್‌ಗೆ ತೋರಿಸಲು ಬೇರೆ ಚೀಟಿ ಮಾಡುತ್ತೇನೆ. ನಲವತ್ತು ವರ್ಷ ಹರಾಜು ಕೂಗಿ ಬದುಕಿದವನು ಬರೆಯಲು ಕೂತರೆ ಗೆರೆಯೊಳಗೆ ನಿಲ್ಲುವುದು ಕಷ್ಟ.

ತೂಕದ ಯಂತ್ರವನ್ನೂ ತಂದಿದ್ದಳು. ಓಪಲ್ ತೊಂಬತ್ತೇಳು ಪೌಂಡು. ಕ್ರಿಸ್‌ಮಸ್ ಹೊತ್ತಿಗೆ ನೂರಹತ್ತು ಇದ್ದಳು. ತೊಂಬತ್ತಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಪಟ್ಟಣದ ಆರೈಕೆ ಮನೆಗೆ ಸೇರಿಸಿ ಮೂಗಿನೊಳಗೆ ಕೊಳವೆ ಇಡುತ್ತಾರೆ ಎಂದು ಲವಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. ಓಪಲ್‌ಗೂ ಕೇಳಿಸಿತು. ಮುಖದಲ್ಲಿ ಏನೂ ಆಗಲಿಲ್ಲ.

ಕಾರಣವನ್ನೂ ಬರೆಯಬೇಕಲ್ಲ. ನಮ್ಮ ಒಬ್ಬಳೇ ಮಗಳು ರೊವೀನಾ ಜನವರಿ 24ರ ಸೋಮವಾರ ಬೆಳಿಗ್ಗೆ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗುವಾಗ, ಸೇತುವೆಯ ಮೇಲಿನ ಮಂಜುಗಡ್ಡೆಯಲ್ಲಿ ಕಾರು ಜಾರಿ ತೀರಿಹೋದಳು. ವಯಸ್ಸು ಮೂವತ್ತೆರಡು. ನಮ್ಮ ಅಡುಗೆಮನೆಯಿಂದ ಹೊರಟಾಗ ಆರೂವರೆ. ದಿನಾ ಆರು ಇಪ್ಪತ್ತಕ್ಕೆ ಹೊರಡುತ್ತಿದ್ದಳು. ಬೆಳಗಿನ ತಿಂಡಿಗೆಂದು ಅವಳು ಸುಟ್ಟಿಟ್ಟ ಮೆತ್ತನೆಯ, ಉಬ್ಬಿದ ಬಿಸ್ಕತ್ತು ಬಾಣಲೆಯಲ್ಲಿ ಇನ್ನೂ ಬಿಸಿಯಾಗಿತ್ತು. ಗುರುವಾರ ಮಣ್ಣು ಮಾಡಿದೆವು. ಅವತ್ತಿನಿಂದ ಓಪಲ್ ಮಾತಾಡಿಲ್ಲ.

ತಿಂದದ್ದು: ಬೇಯಿಸಿದ ಸೇಬು, ಎರಡು ಚಮಚ. ಕಾಫಿ, ಅರ್ಧ ಲೋಟ.

ಫೆಬ್ರವರಿ 5, ಶನಿವಾರ

ಸಾವಿನ ಮನೆಗೆಂದು ಊರವರು ತಂದಿಟ್ಟ ಪಾತ್ರೆ ಮೂವತ್ತೊಂದು. ಪ್ರತಿಯೊಂದರ ತಳಕ್ಕೂ ಅಂಟುಪಟ್ಟಿ, ಪಟ್ಟಿಯ ಮೇಲೆ ಹೆಸರು, ಹಿಂದಿರುಗಿಸಲು ಮರೆಯದಿರಲಿ ಎಂದು. ಅದರಲ್ಲಿ ಹನ್ನೊಂದು ಆಲೂಗಡ್ಡೆ, ಎಂಟು ಕೋಳಿ, ಉಳಿದದ್ದು ಏನೆಂದು ಕೊಟ್ಟವರೇ ಹೇಳಬೇಕು. ಓಪಲ್ ಒಂದನ್ನೂ ಮುಟ್ಟಲಿಲ್ಲ. ನಾಯಿ ಸಾರ್ಜೆಂಟ್ ಎಲ್ಲವನ್ನೂ ಮುಟ್ಟಿದ್ದಾನೆ. ಪಾತ್ರೆ ತೊಳೆದು ಹೆಸರಿನ ಪ್ರಕಾರ ಜೋಡಿಸಿದೆ. ತಲುಪಿಸಲು ಹೊರಟವನು ಗೇಟಿನವರೆಗೆ ಹೋಗಿ ವಾಪಸು ಬಂದೆ. ಪ್ರತಿ ಮನೆಯಲ್ಲೂ ಎರಡು ಮಾತಾಡಬೇಕಾಗುತ್ತದೆ.

ತಿಂದದ್ದು: ಸೇಬು, ಒಂದು ಚಮಚ.

ಫೆಬ್ರವರಿ 8, ಮಂಗಳವಾರ

ಓಪಲ್‌ಳ ತಂಗಿ ಐವಾ ಡೀನ್ ಬಂದಿದ್ದಳು. ಅಂಗಡಿಯ ಡಬ್ಬಿ ಬಿಸ್ಕತ್ತು ಸುಟ್ಟು ತಂದಿದ್ದಳು, ಡಬ್ಬಿಯ ಬಾಯಿ ಒಡೆದರೆ ಹಿಟ್ಟಿನ ಬಿಲ್ಲೆಗಳು ತಾವಾಗಿಯೇ ಹೊರಗೆ ಹಾರುವ ಜಾತಿಯದ್ದು. ಓಪಲ್ ಅದನ್ನು ಒಮ್ಮೆ ನೋಡಿದಳು, ಗೋಡೆಯ ಕಡೆ ಹೊರಳಿಕೊಂಡಳು.

“ಹೊರಳಿದ್ದು ನೋಡಿದ್ಯಾ ಭಾವ? ಅಂದ್ರೆ ಅಕ್ಕ ಇನ್ನೂ ಒಳಗಿದಾಳೆ,” ಎಂದಳು ಐವಾ ಡೀನ್.

ಹಾಗಾದರೆ ಮನೆಯ ಬಿಸ್ಕತ್ತು ನೀನೇ ಮಾಡಿಕೊಡು ಎಂದೆ. ತಲೆಯಾಡಿಸಿದಳು. ಅವರ ಮನೆತನದಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ, ಬಾಯಲ್ಲೂ ಹೇಳಿಕೊಡುವುದಿಲ್ಲ. ತಾಯಿ ಹಿಟ್ಟಿನ ಮರಿಗೆಯೊಳಗೆ ಮಗಳ ಕೈ ಇಡಿಸಿ, ಅದರ ಮೇಲೆ ತನ್ನ ಕೈ ಇಡುತ್ತಾಳೆ. ಕೆಳಗಿನ ಕೈ ಕಲಿಯುವವರೆಗೆ ಮೇಲಿನ ಕೈ ಏಳುವುದಿಲ್ಲ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಓಪಲ್‌ಗೆ ಬಂದದ್ದು ಹಾಗೆ. ಕೀಲುವಾತ ಬಂದು ಓಪಲ್‌ಳ ಬೆರಳುಗಳು ಸೊಟ್ಟಗಾದ ಮೇಲೆ ಆರು ವರ್ಷ ರೊವೀನಾ ದಿನಾ ಐದೂವರೆಗೆ ಕೆಳಗಿನ ತನ್ನ ಮನೆಯಿಂದ ಹತ್ತಿ ಬಂದು ಮಾಡುತ್ತಿದ್ದಳು. ಹನ್ನೆರಡು ಬಿಸ್ಕತ್ತು, ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ.

“ನಾನು ಎಡಚಿ, ಭಾವ,” ಎಂದಳು ಐವಾ ಡೀನ್. “ಅಮ್ಮ ಕೈ ಮೇಲೆ ಕೈ ಇಟ್ರೆ ನಮ್ಮಿಬ್ರ ಕೈನೂ ಜಗಳ ಆಡ್ತಿದ್ವು. ಎರಡು ದಿನ ನೋಡಿದ್ಲು. ಹೋಗು, ಕೋಳಿಗೆ ಕಾಳು ಹಾಕು ಅಂದ್ಲು. ಆ ಕೋಳಿ ಕಾಳು ಇವತ್ತಿಗೂ ಹಾಕ್ತಾನೇ ಇದೀನಿ.”

ತಿಂದದ್ದು: ಏನೂ ಇಲ್ಲ. ಕಾಫಿ.

ಫೆಬ್ರವರಿ 10, ಗುರುವಾರ

ತೊಂಬತ್ತೈದು.

ಲವಾನ್ ಹೋದ ಮೇಲೆ ಮರಿಗೆಯ ಮೇಲಿನ ಬಟ್ಟೆ ತೆಗೆದೆ. ಮರದ ಆ ದೊಡ್ಡ ಬೋಗುಣಿಯಲ್ಲಿ ಹಿಟ್ಟು ಯಾವಾಗಲೂ ತುಂಬಿರುತ್ತದೆ. ನಡುವೆ ಗುಳಿ ಮಾಡಿ, ಗುಳಿಯೊಳಗೆ ಹಂದಿಕೊಬ್ಬು, ಮಜ್ಜಿಗೆ ಹಾಕಿ, ಬೇಕಾದಷ್ಟೇ ಹಿಟ್ಟನ್ನು ಬೆರಳಲ್ಲಿ ಎಳೆದುಕೊಳ್ಳುತ್ತಾರೆ. ಉಳಿದದ್ದನ್ನು ಸಂಜೆ ಜರಡಿ ಹಿಡಿದು ಮತ್ತೆ ಮಟ್ಟ ಮಾಡುತ್ತಾರೆ. ಆ ಸೋಮವಾರದ ಸಂಜೆ ಯಾರೂ ಮಟ್ಟ ಮಾಡಿಲ್ಲ. ಗುಳಿ ಹಾಗೆಯೇ ಇದೆ. ಬದಿಯಲ್ಲಿ ನಾಲ್ಕು ಬೆರಳಿನ ಗುರುತು.

ಬಟ್ಟೆ ಮುಚ್ಚಿದೆ.

ಫೆಬ್ರವರಿ 12, ಶನಿವಾರ

ನಾನೇ ಮಾಡಿದೆ. ಮರಿಗೆ ಮುಟ್ಟಲಿಲ್ಲ, ಹೊಸ ಹಿಟ್ಟಿನ ಚೀಲ ತಂದೆ, ಸ್ಟೀಲಿನ ಬೋಗುಣಿ ಹಿಡಿದೆ. ಈ ಮನೆಯಲ್ಲಿ ಅಳತೆಯ ಲೋಟ ಎಂಬುದೇ ಇಲ್ಲ. ಕಾಫಿ ಲೋಟದಲ್ಲಿ ಅಳೆದೆ. ಹಿಟ್ಟು ಮೂರು, ಮಜ್ಜಿಗೆ ಒಂದೂವರೆ, ಹಂದಿಕೊಬ್ಬು ಮುಷ್ಟಿ. ಉಬ್ಬಲಿ ಎಂದು ಸೋಡಾ ಎರಡು ಚಮಚ. ಈ ಚೀಲದ ಹಿಟ್ಟಿಗೆ ಸೋಡಾ, ಉಪ್ಪು ಮೊದಲೇ ಬೆರೆಸಿರುತ್ತಾರೆ ಎಂಬುದು ಚೀಲದ ಮೇಲೆ ಬೆರಳುದ್ದದ ಅಕ್ಷರದಲ್ಲಿತ್ತು. ಇನ್ನೊಬ್ಬರ ಸರಕಿನ ಮೇಲೆ ಬರೆದದ್ದನ್ನು ದೂರದಿಂದಲೇ ಓದುವವನು ನಾನು, ನನ್ನದನ್ನು ಓದಲಿಲ್ಲ.

ಹಳದಿ ಬಣ್ಣ, ಸೋಪಿನ ವಾಸನೆ. ಎತ್ತರ ಮುಕ್ಕಾಲು ಇಂಚು. ರೊವೀನಾಳದು ಎರಡೂಕಾಲು ಇರುತ್ತಿತ್ತು, ಒಮ್ಮೆ ಪಟ್ಟಿ ಹಿಡಿದು ಅಳೆದಿದ್ದೆ, ಬೈದಿದ್ದಳು. ಹನ್ನೆರಡರಲ್ಲಿ ಆರು ಸಾರ್ಜೆಂಟ್‌ಗೆ, ಆರು ಕೋಳಿಗಳಿಗೆ. ಸಾರ್ಜೆಂಟ್ ತಿನ್ನುವ ಮೊದಲು ಒಮ್ಮೆ ನನ್ನ ಮುಖ ನೋಡಿದ.

ತಿಂದದ್ದು: ಸೂಪು, ನಾಲ್ಕು ಚಮಚ.

ಫೆಬ್ರವರಿ 15, ಮಂಗಳವಾರ

ಸೋಡಾ ಬಿಟ್ಟೆ. ಚೆನ್ನಾಗಿ ಬರಲಿ ಎಂದು ಹದಿನೈದು ನಿಮಿಷ ನಾದಿದೆ. ಬಂದದ್ದು ಬೂಟಿನ ಹಿಮ್ಮಡಿ. ಎತ್ತರ ಒಂದು ಇಂಚು. ಕೋಳಿಗಳು ಕುಕ್ಕಿ ಬಿಟ್ಟವು.

ನನ್ನ ಜೊತೆ ಹರಾಜು ನಡೆಸುವ ಹುಡುಗರು ಫೋನ್ ಮಾಡಿದ್ದರು. ತಿಂಗಳ ಕೊನೆಗೆ ಒಂದು ಮನೆಯ ಸಾಮಾನಿದೆಯಂತೆ, ಬರುತ್ತೀರಾ ಎಂದು. ಗಂಟಲು ಸರಿಯಿಲ್ಲ ಎಂದೆ. ಗಂಟಲು ಸರಿಯಾಗಿಯೇ ಇದೆ.

ಫೆಬ್ರವರಿ 17, ಗುರುವಾರ

ತೊಂಬತ್ತಮೂರು. ಲವಾನ್ ಆರೈಕೆ ಮನೆಗೆ ಸೇರಿಸುವ ಕಾಗದವನ್ನು ಮೇಜಿನ ಮೇಲಿಟ್ಟು, ಸಕ್ಕರೆ ಡಬ್ಬಿಯಿಂದ ಅದರ ತುದಿ ಒತ್ತಿ ಹೋದಳು.

ಫೆಬ್ರವರಿ 21, ಸೋಮವಾರ

ಓಪಲ್ ಇವತ್ತು ಕಾಫಿಗೆಂದು ತಾನಾಗಿ ಎದ್ದು ಬಂದು ಅಡುಗೆಮನೆಯ ಕಿಟಕಿಯ ಪಕ್ಕ ಕೂತಳು. ನಾನು ಹಿಟ್ಟು ತಟ್ಟಿ ಮಡಿಸಿ ಬಿಸ್ಕತ್ತು ಕತ್ತರಿಸುತ್ತಿದ್ದೆ. ಕತ್ತರಿಸುವುದು ಅವಳ ಅಜ್ಜಿಯ ನಶ್ಯದ ಡಬ್ಬಿಯಲ್ಲಿ, ಎರಡೂ ಕಡೆಯ ಮುಚ್ಚಳ ತೆಗೆದು ಬಳೆಯಂತೆ ಮಾಡಿದ್ದು. ಒತ್ತಿ, ತಿರುಪಿ, ಎತ್ತುತ್ತಿದ್ದೆ. ಎಂಟನೆಯದನ್ನು ತಿರುಪುವಾಗ,

“ತಿರುಗಿಸ್ಬೇಡ,” ಎಂದಳು.

ಇಪ್ಪತ್ತೈದು ದಿನದ ಮೇಲೆ ಒಂದು ಮಾತು. ದನಿ ಬೀಗ ಹಾಕಿಟ್ಟ ಕೋಣೆಯ ಬಾಗಿಲಿನಂತಿತ್ತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತಾಳೆ ಅನಿಸಿತು. ಒಂಬತ್ತನೆಯದರಿಂದ ಡಬ್ಬಿಯನ್ನು ನೇರ ಒತ್ತಿ ನೇರ ಎತ್ತಿದೆ. ಸುಟ್ಟ ಮೇಲೆ ಅಳೆದೆ. ತಿರುಪಿದ ಎಂಟು, ಒಂದೂಕಾಲು ಇಂಚು. ತಿರುಪದ ನಾಲ್ಕು, ಒಂದೂಮುಕ್ಕಾಲು. ತಿರುಪಿದರೆ ಅಂಚು ಅಂಟಿಕೊಂಡು ಮೇಲೇಳಲು ದಾರಿಯಿಲ್ಲದಂತೆ ಆಗುತ್ತದೆ ಎಂದು ಕಾಣುತ್ತದೆ.

ತಿಂದದ್ದು: ತಿರುಪದ ಬಿಸ್ಕತ್ತಿನ ಮೇಲುಪದರ, ಒಂದು. ಹನ್ನೊಂದೂ ಚಿಲ್ಲರೆ ಸಾರ್ಜೆಂಟ್‌ಗೆ.

ಫೆಬ್ರವರಿ 22, ಮಂಗಳವಾರ

ಒಂದನ್ನೂ ತಿರುಪಲಿಲ್ಲ. ಹನ್ನೆರಡೂ ಸರಿಯಾಗಿ ಬಂದವು. ಓಪಲ್ ನೋಡುತ್ತ ಕೂತಿದ್ದಳು. ಮಾತು: ಇಲ್ಲ. ತಿಂದದ್ದು: ಇಲ್ಲ.

ಫೆಬ್ರವರಿ 23, ಬುಧವಾರ

ಕಸುಬಿನ ಒಂದು ಉಪಾಯ ಇಲ್ಲಿ ಬರೆದಿಡುತ್ತೇನೆ, ಯಾರಿಗೂ ಹೇಳಿದವನಲ್ಲ. ಕೆಲವು ಹರಾಜಿನಲ್ಲಿ ಜನ ಸತ್ತವರಂತೆ ನಿಂತಿರುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಆಗ ನಾನು ಅಕ್ರೋಟ್ ಮರದ ಬೀರುವನ್ನು ತೋರಿಸಿ ‘ಒಳ್ಳೇ ಓಕ್ ಮರದ ಬೀರು’ ಎಂದು ಕೂಗುತ್ತೇನೆ. ಹಿಂದಿನ ಸಾಲಿನಲ್ಲಿ ಯಾವನೋ ಮುದುಕನಿಗೆ ತಡೆಯಲಾಗುವುದಿಲ್ಲ. ‘ಅದು ಅಕ್ರೋಟ್ ಕಣಯ್ಯ’ ಎನ್ನುತ್ತಾನೆ. ಬಾಯಿ ತೆರೆಯಿತಲ್ಲ, ಇನ್ನು ಅದನ್ನು ಮುಚ್ಚಲು ಬಿಡದಿರುವುದು ನನ್ನ ಕೆಲಸ. ಜನ ಸುಮ್ಮನೆ ಕೇಳಿದರೆ ಉತ್ತರ ಕೊಡುವುದಿಲ್ಲ, ತಪ್ಪನ್ನು ಮಾತ್ರ ಸಹಿಸುವುದಿಲ್ಲ.

ಇವತ್ತು ಹನ್ನೆರಡನ್ನೂ ತಿರುಪಿದೆ, ಜಾಡಿಯ ಮುಚ್ಚಳ ತೆಗೆಯುವ ಹಾಗೆ.

“ಹೇಳ್ಲಿಲ್ವಾ ನಿಂಗೆ? ತಿರುಗಿಸ್ಬೇಡ.”

ಮಾತು: ಮೂರು. ತಿಂದದ್ದು: ಅರ್ಧ ಬಿಸ್ಕತ್ತು, ಬೆಣ್ಣೆ ಸಮೇತ. ಉಳಿದರ್ಧವನ್ನು ನನ್ನ ಕಡೆ ತಳ್ಳಿದಳು. ಸಾರ್ಜೆಂಟ್ ಕಾಯುತ್ತಿದ್ದ.

ಮಾರ್ಚ್ 3, ಗುರುವಾರ

ತೊಂಬತ್ತೆರಡು. ಇಳಿಯುವುದು ನಿಧಾನವಾಗಿದೆ ಎಂದಳು ಲವಾನ್.

ವಾರದ ತಪ್ಪುಗಳು: ಶುಕ್ರವಾರ ಓವನ್ ಕಾಯುವ ಮೊದಲೇ ಬಾಣಲೆ ಇಟ್ಟೆ. ಶನಿವಾರ ಬಿಸ್ಕತ್ತುಗಳನ್ನು ದೂರ ದೂರ ಜೋಡಿಸಿದೆ. ಅವು ಒಂದಕ್ಕೊಂದು ಒತ್ತಿಕೊಂಡಿರಬೇಕು, ಪಕ್ಕದವನ ಹೆಗಲು ಸಿಕ್ಕರೇ ಮೇಲೇಳುತ್ತವೆ ಎಂಬುದು ನನಗೆ ಅಷ್ಟು ಹೊತ್ತಿಗೆ ಗೊತ್ತಿತ್ತು. ಸೋಮವಾರ ಮಜ್ಜಿಗೆಯನ್ನು ಬಿಸಿ ಮಾಡಿ ಸುರಿದೆ.

ಪ್ರತಿಫಲ: “ಓವನ್ನು ನಿನ್ನ ಬಾಯಷ್ಟು ಬಿಸಿ ಇರ್ಬೇಕು ಕಣೋ, ಈಗಿನ ಬಾಯಲ್ಲ, ಹಳೇದು.” ಮತ್ತು, “ಇವೇನು, ಒಬ್ರಿಗೊಬ್ರು ಮಾತು ಬಿಟ್ಟಿದಾವಾ?” ಮತ್ತು ಮಜ್ಜಿಗೆಗೆ, “ಅಯ್ಯೋ ಮಹರಾಯಾ.”

ಒಟ್ಟು ಹದಿನೈದು ಮಾತು. ದಿನಕ್ಕೆ ಅರ್ಧ ಬಿಸ್ಕತ್ತು. ಉಳಿದರ್ಧವನ್ನು ದಿನಾ ನನ್ನ ಕಡೆಗೇ ತಳ್ಳುತ್ತಾಳೆ, ಅಭ್ಯಾಸ.

ಮಾರ್ಚ್ 11, ಶುಕ್ರವಾರ

ಬೆಲ್ಟಿಗೆ ಮೊಳೆಯಿಂದ ಇನ್ನೊಂದು ತೂತು ಮಾಡಿದೆ. ಈಗಿನ ಚರ್ಮ ಬೇಗ ಹಿಗ್ಗುತ್ತದೆ. ಸಾರ್ಜೆಂಟ್ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಾನೆ.

ತಿಂದದ್ದು: ಅರ್ಧ ಬಿಸ್ಕತ್ತು, ಮೊಟ್ಟೆ ಒಂದು.

ಮಾರ್ಚ್ 17, ಗುರುವಾರ

ತೊಂಬತ್ತನಾಲ್ಕು. ಲವಾನ್ ಸಕ್ಕರೆ ಡಬ್ಬಿ ಎತ್ತಿ ಕಾಗದ ತೆಗೆದುಕೊಂಡಳು. ಹೋಗುವಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೀವು ಹೇಗಿದೀರಿ ಎಂದು ಕೇಳಿದಳು. ಬದುಕಿದ್ದೇನೆ ಎಂದೆ.

ಮಾರ್ಚ್ 25, ಶುಕ್ರವಾರ

ಓಪಲ್ ಬೆಳಿಗ್ಗೆ ಬಂದವಳು ಕೂರಲಿಲ್ಲ. ಸ್ಟೀಲಿನ ಬೋಗುಣಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಮರಿಗೆ ತಾ ಎಂದಳು. ಹುಳ ಬಿದ್ದಿರುತ್ತದೆ ಎಂದೆ. ಜರಡಿ ಹಿಡಿದರಾಯಿತು ಎಂದಳು. ಆಮೇಲೆ ನೋಡೋಣ ಎಂದೆ.

“ನಂಗೊತ್ತು ಅದರಲ್ಲಿ ಏನಿದೆ ಅಂತ. ತಾ.”

ತಂದು ಬಟ್ಟೆ ತೆಗೆದೆ. ಗುಳಿ ಇತ್ತು, ಒಂದು ಬದಿ ಸ್ವಲ್ಪ ಜರುಗಿತ್ತು. ಇಬ್ಬರೂ ನೋಡಿದೆವು. ಎಷ್ಟು ಹೊತ್ತೆಂದು ಗೊತ್ತಿಲ್ಲ, ಗಡಿಯಾರ ನನ್ನ ಬೆನ್ನ ಹಿಂದಿತ್ತು. ನಾನು ಜರಡಿ ಎತ್ತಿಕೊಂಡೆ. ಇರು, ಮೊದಲು ಕೈ ಇಡು ಎಂದಳು. ಇಟ್ಟೆ. ನನ್ನ ಕೈ ದೊಡ್ಡದು, ನಾಲ್ಕೂ ಬೆರಳಿನ ಗುರುತು ಕುಸಿಯಿತು. ಅದರ ಮೇಲೆ ಓಪಲ್ ತನ್ನ ಸೊಟ್ಟ ಕೈ ಇಟ್ಟಳು. ಹಿಟ್ಟು ತಣ್ಣಗಿತ್ತು, ಅವಳ ಕೈ ಅದಕ್ಕಿಂತ ತಣ್ಣಗೆ.

ಆಮೇಲೆ ಜರಡಿ ಹಿಡಿದೆ. ಹುಳ ಏಳು. ಹೊಸ ಗುಳಿ ತೋಡಿ ಬಿಸ್ಕತ್ತು ಮಾಡಿದೆವು. ಎಷ್ಟು ಮಜ್ಜಿಗೆ ಎಂದು ಕೇಳಿದರೆ ಕೈ ಹೇಳುತ್ತದೆ ಎಂದಳು. ನನ್ನ ಕೈ ಏನೂ ಹೇಳುತ್ತಿಲ್ಲ ಎಂದೆ.

“ನಲವತ್ತು ವರ್ಷ ಸುತ್ತಿಗೆ ಬಡಿದ ಕೈ ಅದು. ಸುಮ್ನಿರೋದು ಕಲಿಸು ಅದಕ್ಕೆ ಮೊದ್ಲು.”

ಹನ್ನೆರಡು. ಎತ್ತರ ಎರಡು ಇಂಚು. ಇವತ್ತು ತಪ್ಪು ಮಾಡುವುದು ನೆನಪಾಗಲಿಲ್ಲ. ತಿಂದದ್ದು: ಅರ್ಧ, ಮತ್ತೆ ಅರ್ಧ. ಕೊನೆಗೊಂದು ಅರ್ಧವನ್ನು ನನ್ನ ಕಡೆ ತಳ್ಳಿದಳು. ಕಿಸೆಯಲ್ಲಿಟ್ಟುಕೊಂಡು ಹೊರಗೆ ಹೋಗಿ ಸಾರ್ಜೆಂಟ್‌ಗೆ ಹಾಕಿದೆ.

ಮಾರ್ಚ್ 26, ಶನಿವಾರ

ಬಿತ್ತನೆಗೆ ಭೂಮಿ ಉಳುವವರು ಶುರು ಮಾಡಿದ್ದಾರೆ. ನಾನು ದಿನವಿಡೀ ಮಲಗಿದ್ದೆ. ಕಾರಣವಿಲ್ಲ.

ಏಪ್ರಿಲ್ 7, ಗುರುವಾರ

ಓಪಲ್ ತೊಂಬತ್ತೆಂಟು. ಲವಾನ್ ಚಪ್ಪಾಳೆ ತಟ್ಟಿದಳು. ಯಂತ್ರದಿಂದ ಇಳಿದ ಓಪಲ್, ಇನ್ನು ಅವನು ಹತ್ತಲಿ ಎಂದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದು, ನನ್ನನ್ನೂ ಹರಾಜಿಗೆ ಇಡುತ್ತೀರಾ ಎಂದು ಕೇಳಿದೆ. ಯಾರೂ ನಗಲಿಲ್ಲ. ಮೂರು ವಾರದಿಂದ ನಾನೂ ಅದನ್ನೇ ಹೇಳಬೇಕೆಂದಿದ್ದೆ, ಹೋಬರ್ಟ್ ಮೇಬ್ರಿಯವರೇ, ಹತ್ತಿ ಎಂದಳು ಲವಾನ್. ಹತ್ತಿದೆ. ನೂರ ಐವತ್ತೆರಡು. ಡ್ರೈವಿಂಗ್ ಲೈಸೆನ್ಸಿನಲ್ಲಿರುವುದು ನೂರ ಎಂಬತ್ತೆಂಟು. ಯಂತ್ರ ಕೆಟ್ಟಿದೆ ಎಂದೆ. ಲವಾನ್ ತಾನು ಹತ್ತಿ ತೋರಿಸಿದಳು, ಕೆಟ್ಟಿರಲಿಲ್ಲ. ವಾರದೊಳಗೆ ನಿಮ್ಮನ್ನು ಡಾಕ್ಟರು ನೋಡಬೇಕು ಎಂದು ಹೇಳಿ, ಇಬ್ಬರನ್ನೇ ಬಿಟ್ಟು ಹೋದಳು.

ಓಪಲ್ ಮೇಜಿನ ಆ ಕಡೆ ಕೂತಳು. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಇಷ್ಟು ಮಾತನ್ನು ಅವಳು ಒಟ್ಟಿಗೆ ಮದುವೆಯ ದಿನವೂ ಆಡಿರಲಿಲ್ಲ.

“ಹತ್ತು ವಾರ ಆಯ್ತು, ಹೋಬರ್ಟ್. ನಿನ್ನ ಬಾಯಿಗೆ ಒಂದು ತುತ್ತು ಹೋಗಿದ್ದು ನಾನು ಸರಿಯಾಗಿ ನೋಡಿಲ್ಲ. ದಿನಾ ಅರ್ಧ ತಿಂದು ಅರ್ಧ ನಿನ್ನ ಕಡೆ ತಳ್ತೀನಿ, ನೀನು ನಾಯಿಗೆ ಹಾಕ್ತೀಯ. ಹಸಿವಾಗಿ ತಿಂತಿದೀನಿ ಅಂದ್ಕೊಂಡ್ಯಾ? ನಂಗೇನು ಹಸಿವು. ನಾನು ತಿಂದ್ರೆ ನೀನೂ ತಿಂತೀಯ ಅಂತ ನುಂಗ್ತಾ ಇದ್ದೆ.”

ನಾನು ಬೇಕೆಂದೇ ತಪ್ಪು ಮಾಡುತ್ತಿದ್ದೆ, ನಿನ್ನ ಬಾಯಿ ಬಿಡಿಸಲು ಎಂದೆ. ಆ ಹೊತ್ತಿಗೆ ಹೇಳಲು ನನ್ನಲ್ಲಿದ್ದದ್ದು ಅದೊಂದೇ.

“ಎರಡನೇ ಸಲ ತಿರುಪಿದಾಗಲೇ ಗೊತ್ತಾಯ್ತು. ಅಕ್ರೋಟ್ ಬೀರು ತೋರಿಸಿ ಓಕ್ ಅಂತ ಕೂಗೋನ ಜೊತೆ ಮೂವತ್ತೈದು ವರ್ಷ ಬಾಳಿದೀನಿ. ಮೊದಲನೇ ಸಲದ್ದು ಮಾತ್ರ ನಿಜವಾದ ತಪ್ಪು. ಅದನ್ನ ನೋಡಕ್ಕೆ ಆಗ್ಲಿಲ್ಲ ನಂಗೆ.”

ಆಮೇಲೆ ನಾನು ಹತ್ತು ನಿಮಿಷದ ವಿಷಯ ಹೇಳಿದೆ. ಆ ಸೋಮವಾರ ರೊವೀನಾ ಆರು ಇಪ್ಪತ್ತಕ್ಕೆ ಕೋಟು ತೊಟ್ಟು ಬಾಗಿಲಲ್ಲಿದ್ದಳು. ನಾನು ಅವಳನ್ನು ನಿಲ್ಲಿಸಿಕೊಂಡು ಕುರುಡು ಹೇಸರಗತ್ತೆ ಮಾರಿದ ಕಥೆ ಶುರು ಮಾಡಿದೆ. ಅವಳು ನೂರು ಸಲ ಕೇಳಿದ ಕಥೆ. ಹತ್ತು ನಿಮಿಷ ಎಳೆದೆ. ತಡವಾಯಿತೆಂದು ಅವಳು ಸೇತುವೆಯ ಮೇಲೆ ಜೋರಾಗಿ ಹೋಗಿರಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈ ಪುಸ್ತಕಕ್ಕೂ ಹೇಳಿರಲಿಲ್ಲ.

“ನಾನೂ ಇಲ್ಲೇ ಕೂತಿದ್ದೆ,” ಎಂದಳು ಓಪಲ್. “ಬಿಸ್ಕತ್ತು ಬಾಯಲ್ಲಿಟ್ಕೊಂಡು ನಗ್ತಿದ್ಲು. ಪುಡಿ ಕೋಟಿನ ಮೇಲೆಲ್ಲ ಉದುರ್ತು. ನನ್ನ ಹತ್ರ ಇರೋದು ಅದೊಂದೇ ಬೆಳಿಗ್ಗೆ, ಹೋಬರ್ಟ್. ಅದನ್ನೂ ನೀನು ಕಿತ್ಕೋಬೇಡ.”

ಎದ್ದು ಬಾಣಲೆಯಿಂದ ಒಂದು ಬಿಸ್ಕತ್ತನ್ನು ಎರಡು ಸೊಟ್ಟ ಕೈಯಲ್ಲೂ ಹಿಡಿದು ತಂದು ನನ್ನ ಮುಂದಿಟ್ಟಳು. ಅರ್ಧವಲ್ಲ, ಇಡಿಯದು. ತಣ್ಣಗಾಗಿತ್ತು. ಅಗಿದೆ. ಉಪ್ಪು ಸರಿಯಾಗಿತ್ತು ಎಂದು ಕಾಣುತ್ತದೆ. ಮುಗಿಯುವವರೆಗೆ ಅವಳು ಕದಲಲಿಲ್ಲ.

ಏಪ್ರಿಲ್ 8, ಶುಕ್ರವಾರ

ಮತ್ತೆ ಒಂದು ತಿಂದೆ. ಅವಳು ನೋಡುತ್ತ ಕೂತಳು. ಔಷಧಿ ನುಂಗಿದ ಹಾಗೆ. ಸಾರ್ಜೆಂಟ್ ಮೇಜಿನ ಕೆಳಗೆ ಇಬ್ಬರ ಮುಖವನ್ನೂ ನೋಡಿ ಹೊರಗೆ ಹೋದ.

ಓಪಲ್ ತಿಂದದ್ದು: ಒಂದೂವರೆ.

ಏಪ್ರಿಲ್ 30, ಶನಿವಾರ

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಓಪಲ್ ನೂರ ಎರಡು. ಡಾಕ್ಟರು ನನ್ನ ಎದೆ, ಹೊಟ್ಟೆ, ನಾಲಿಗೆ ಎಲ್ಲ ನೋಡಿ ಏನೂ ಸ್ಪಷ್ಟವಾಗಿ ಕೆಟ್ಟಿಲ್ಲ ಎಂದರು. ಮೂವತ್ತೊಂದು ಪಾತ್ರೆಗಳಲ್ಲಿ ಒಂಬತ್ತನ್ನು ಹಿಂದಿರುಗಿಸಿದೆ. ಪ್ರತಿ ಮನೆಯಲ್ಲೂ ಎರಡೇ ಮಾತು.

ಐವಾ ಡೀನ್ ಬಂದಿದ್ದಳು. ಮೇ ಹದಿನೈದಕ್ಕೆ ಸಮಾಧಿಗಳಿಗೆ ಹೂವಿಡುವ ಭಾನುವಾರ. ಮೂವತ್ತು ವರ್ಷದಿಂದ ಅವತ್ತಿನ ಊಟಕ್ಕೆ ಬಿಸ್ಕತ್ತು ಓಪಲ್‌ಳ ಮನೆಯದೇ. ಈ ವರ್ಷ ಕಷ್ಟ ಕೊಡುವುದು ಬೇಡ, ತಾವೇ ಬ್ರೆಡ್ಡು ತರುತ್ತೇವೆ ಎಂದು ಪಾದ್ರಿಯ ಹೆಂಡತಿ ಹೇಳಿ ಕಳಿಸಿದ್ದಾರಂತೆ.

“ಬೇಡ ಅಂತ ಹೇಳು,” ಎಂದಳು ಓಪಲ್.

“ಯಾರು ಮಾಡ್ತಾರಕ್ಕ?”

ಓಪಲ್ ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. ಐವಾ ಡೀನ್ ನನ್ನ ಬಲಗೈಯನ್ನು ಬಹಳ ಹೊತ್ತು ನೋಡಿದಳು. ಇವನಿಗಿಂತ ನಾನೇನು ಕಡಿಮೆ ಎಂಬ ಹಾಗಿತ್ತು.

ಮೇ 15, ಭಾನುವಾರ

ನಾಲ್ಕು ಗಂಟೆಗೆ ಎದ್ದು ನಾಲ್ಕು ಬಾಣಲೆ ತೆಗೆದೆ. ನಲವತ್ತೆಂಟು ಬಿಸ್ಕತ್ತು. ಓಪಲ್ ಕುರ್ಚಿಯಲ್ಲಿ ಕೂತು ಬೈದಳು, ನಾನು ಮಾಡಿದೆ. ಎತ್ತರ ಅಳೆಯಲು ಪಟ್ಟಿ ಹುಡುಕಿದೆ, ಅವಳು ಅದರ ಮೇಲೆ ಕೂತಿದ್ದಳು.

ದಿಬ್ಬದ ಮೇಲೆ ಚೆನ್ನಾಗಿ ಬಿಸಿಲಿತ್ತು. ಸಮಾಧಿಗಳ ಪಕ್ಕದ ಉದ್ದ ಹಲಗೆಯ ಮೇಲೆ ಎಲ್ಲರ ಅಡುಗೆಯ ಜೊತೆ ನಮ್ಮದನ್ನೂ ಇಟ್ಟೆ. ರೊವೀನಾಳ ಹೊಸ ಕಲ್ಲಿನ ಹತ್ತಿರ ಓಪಲ್ ಹೂವಿಟ್ಟಳು, ನಾನು ಬುಟ್ಟಿ ಹಿಡಿದಿದ್ದೆ. ಊಟಕ್ಕೆ ನಿಂತಾಗ ಹಲಗೆಯ ಹಿಂದೆ ನಿಂತು ಬಿಸ್ಕತ್ತು ಬಡಿಸಿದವನು ನಾನೇ. ಇದನ್ನು ಯಾರು ಮಾಡಿದ್ದು ಎಂದು ಗ್ಯಾರೇಜಿನ ಮುದುಕ ಕೇಳಿದ. ಹೋಬರ್ಟ್ ಎಂದಳು ಓಪಲ್.

“ಹೋಬರ್ಟ್ ಮಾಡಿದ್ದಾ? ಅದಕ್ಕೇ ಇಷ್ಟು ಉಬ್ಬಿದಾವೆ. ಒಳಗೆಲ್ಲ ಗಾಳಿ.”

ಜನ ನಕ್ಕರು. ಸುಮ್ಮನಿರಬಹುದಿತ್ತು. ಸೋಪಿನ ವಾಸನೆಯ ಮೊದಲ ಬಿಸ್ಕತ್ತಿನ ಕಥೆ ಹೇಳಿದೆ, ನಾಯಿ ಮುಖ ನೋಡಿದ್ದು, ಕೋಳಿಗಳು ಬೆನ್ನು ತಿರುಗಿಸಿದ್ದು, ಸ್ವಲ್ಪ ಬಣ್ಣ ಹಚ್ಚಿಯೇ. ಎಷ್ಟು ಹೊತ್ತು ಹೇಳಿದೆನೋ, ಪಾದ್ರಿಗಳು ಪ್ರಾರ್ಥನೆಗೆ ಎದ್ದುನಿಂತು ಕಾಯುತ್ತಿದ್ದರಂತೆ. ಓಪಲ್ ತೋಳು ಹಿಡಿದು ಎಳೆದಳು.

ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ಒಯ್ದದ್ದು ನಲವತ್ತೆಂಟು. ನನ್ನ ಕೈಯಾರೆ ಬಡಿಸಿದ್ದು ಮೂವತ್ತೆಂಟು, ಒಂದೊಂದನ್ನೂ ಎಣಿಸಿದ್ದೇನೆ. ಓಪಲ್ ತಿಂದದ್ದು ಎರಡು. ಮನೆಗೆ ವಾಪಸು ಬಂದದ್ದು ಐದು. ನಲವತ್ತೈದಾಯಿತು. ಮೂರು ತಾಳೆಯಾಗುತ್ತಿಲ್ಲ. ಎರಡು ಸಲ ಕೂಡಿದೆ. ಸಾರ್ಜೆಂಟ್ ಮನೆಯಲ್ಲೇ ಇದ್ದ. ಯಾರೋ ಕೇಳದೆ ಎತ್ತಿದ್ದಾರೆ ಎಂದು ಓಪಲ್‌ಗೆ ಹೇಳಿದೆ. ಅವಳು ಶೂ ಬಿಚ್ಚಲು ಕಾಲು ನನ್ನ ಕಡೆ ಚಾಚಿದಳು.

“ನೀನೇ ತಿಂದಿದ್ದು.”

ಇಲ್ಲವಲ್ಲ ಎಂದೆ.

“ಎರಡು ನಿಂತ್ಕೊಂಡು, ಕಥೆ ಹೇಳ್ತಾ ಹೇಳ್ತಾ. ಆಮೇಲೆ ಒಂದು ಅವಳ ಹತ್ರ ಹುಲ್ಲಲ್ಲಿ ಕೂತು, ಜೋನಿಬೆಲ್ಲ ಹಚ್ಕೊಂಡು. ನಾನು ನೋಡ್ತಾನೇ ಇದ್ದೆ. ಅಂಗಿ ನೋಡ್ಕೋ.”

ನೋಡಿದೆ. ಎದೆಯ ಮೇಲೆ ಜೋನಿಬೆಲ್ಲದ ಕಲೆ ಇದೆ, ಗುಂಡಿಯ ಪಕ್ಕ. ತಿಂದ ನೆನಪು ಮಾತ್ರ ಇಲ್ಲ. ಕಣ್ಣಾರೆ ಕಂಡ ಸಾಕ್ಷಿಯನ್ನು ಇಲ್ಲವೆನ್ನುವ ಹಾಗಿಲ್ಲ, ಲೆಕ್ಕವೂ ಸರಿಹೋಗುತ್ತದೆ. ಆದ್ದರಿಂದ ಬರೆದಿದ್ದೇನೆ.

ಓಪಲ್ ತಿಂದದ್ದು: ಎರಡು.

ಹೋಬರ್ಟ್: ಮೂರು, ಓಪಲ್ ಹೇಳಿದ ಪ್ರಕಾರ.